ಪಾಲಯ್ಯನ ಕೀಲುಗಳು

ಚಳ್ಳಕೆರೆಯ ಎಣ್ಣೆಮಿಲ್ಲಿನ ಹಿಂದೆ
ಶೇಂಗಾ ಹೊಟ್ಟಿನ ಗುಡ್ಡೆಗೆ ಒರಗಿಸಿಟ್ಟು
ರೆಕ್ಕೆ ಕೊಯ್ದೆವು. ಥರ್ಮಾಕೋಲು,
ಯಾರದೋ ಮನೆಗೆ ಟಿವಿ ಬಂದ ಡಬ್ಬಿಯದು.
ಅಂಚಿನಿಂದ ಎರಡು ಬೆರಳಗಲ ಕತ್ತರಿಸಿ ತೆಗೆದು
ಅದನ್ನೇ ಮತ್ತೆ ಅದೇ ಜಾಗಕ್ಕೆ ಅಂಟಿಸಿದ ಪಾಲಯ್ಯ ಮಾವ;
ನಡುವೆ ಪ್ಲಾಸ್ಟಿಕ್ ಹಾಳೆಯ ಕೀಲು.

"ಕಿತ್ತಿದ್ಯಾಕೆ, ಅಂಟಿಸಿದ್ಯಾಕೆ?"
"ಬಾಗ್ಲೂ ಗೋಡೆ ಆಗಿದ್ರೆ ಒಳಗೆ ಹೆಂಗ್ ಬರ್ತಿದ್ದೆ?"

ಇಪ್ಪತ್ತೊಂದು ವರ್ಷ ವಾಯುಪಡೆಯಲ್ಲಿ
ವಿಮಾನದ ಮೈ ನೋಡಿಕೊಂಡವನು.
ಈಗ ಗಾಣದ ಬೇರಿಂಗು ಬದಲಿಸುತ್ತಾನೆ,
ಅಂಗೈಗೆ ಹಿಂಡಿಯ ವಾಸನೆ.
ಎತ್ತುವುದು ರೆಕ್ಕೆ, ಎನ್ನುತ್ತಾನೆ,
ಎತ್ತ ಎಂಬುದು ಅಂಚಿನ ಮಾತು.

ಮೂತಿ ಏಳಬೇಕೇ, ಬಾಲ ತುಳಿ.
ಬಾಲದ ಹಲಗೆ ಮೇಲಕ್ಕೆ ಮಡಿಚಿದರೆ
ಗಾಳಿ ಅದರ ಮೇಲೆ ಕೂತು ಅದುಮುತ್ತದೆ;
ಏತದ ಆ ತುದಿ ಮುಳುಗಿ ಈ ತುದಿ ಏಳುವಂತೆ
ವಿಮಾನ ಆಕಾಶ ನೋಡುತ್ತದೆ.
ಎಡಕ್ಕೆ ವಾಲಬೇಕೇ,
ಎಡದ ಅಂಚು ಮೇಲೆ, ಬಲದ್ದು ಕೆಳಗೆ.
ಆದರೆ ಏರುವ ಬಲರೆಕ್ಕೆಯಿಂದ ಗಾಳಿ ಬಡ್ಡಿ ಕೇಳುತ್ತದೆ,
ಹಿಂದಕ್ಕೆ ಜಗ್ಗುತ್ತದೆ;
ಹೊರಟದ್ದು ಎಡಕ್ಕೆ, ಮುಖ ಬಲಕ್ಕೆ!
ಆಗ ರಡ್ಡರ್ ಒಂಚೂರು,
ಕೂಸಿನ ಗದ್ದ ಹಿಡಿದು ತಿರುಗಿಸಿದಷ್ಟು.

ಸೈಕಲ್ ಕಡ್ಡಿ ಬಗ್ಗಿಸಿ ಕೀಲಿಗೆ ಸಿಕ್ಕಿಸಿದೆವು.
ಭಾನುವಾರ, ನೀರಿಲ್ಲದ ಕೆರೆಯಂಗಳ.
ನಾನೇ ಹಾರಿಸುತ್ತೇನೆಂದೆ.
ಎಡಕ್ಕೆಂದರೆ ಬಲಕ್ಕೆ ವಾಲಿತು,
ಇನ್ನೂ ಎಡಕ್ಕೆಂದೆ, ಇನ್ನೂ ಬಲಕ್ಕೆ;
ಜಾಲಿಗಿಡದ ಬುಡದಲ್ಲಿ ಬಿಳಿ ಮಂಡಕ್ಕಿಯಾಯಿತು.

ಕಡ್ಡಿ ತಿರುವುಮುರುವು ಸಿಕ್ಕಿಸಿದ್ದೆ.
ಹಾರಿಸುವ ಮುಂಚೆ ನೋಡಿರಲಿಲ್ಲ.
ಮಾವ ಬೈಯಲಿಲ್ಲ. ಕೂತ.
ಬಲಗೈ ಮುಷ್ಟಿ ಹಿಡಿದು ಹೆಬ್ಬೆರಳು ನೆಟ್ಟಗೆ ನಿಲ್ಲಿಸಿ
ಕಾಣದ ಕೋಲನ್ನು ಎಡಕ್ಕೆ ವಾಲಿಸಿದ.
"ಹೆಬ್ಬೆಟ್ಟು ಯಾವ ಕಡೆ ತೋರಿಸ್ತೈತೋ
ಆ ಕಡೆ ಅಂಚು ಮೇಲೇಳಬೇಕು.
ಕಣ್ಣಾಗೆ ನೋಡಬೇಕು. ದಿನಾಲೂ.
ನಿನ್ನೆ ಸರಿಯಿತ್ತು ಅನ್ನಬಾರ್ದು."
ಅವನ ಬೀಗದ ಗೊಂಚಲಲ್ಲಿ
ಯಾವ ಬೀಗಕ್ಕೂ ಸೇರದ ಒಂದು ಪಿನ್ನು,
ಅದಕ್ಕೆ ಮಾಸಿದ ಕೆಂಪು ಬಟ್ಟೆಯ ಪಟ್ಟಿ.
ನಿಂತ ವಿಮಾನದ ಅಂಚುಗಳು ಗಾಳಿಗೆ ಬಡಿದಾಡದಂತೆ
ಹಾಕುವ ಪಿನ್ನು; ಹಾರುವ ಮುಂಚೆ ಎಳೆಯಬೇಕಾದ್ದು.
ಇದು ನಿನ್ನ ಹತ್ರ ಹೆಂಗೆ ಉಳಿಯಿತೆಂದು
ಕೇಳಿದ್ದೆ ಒಮ್ಮೆ.
ಗಾಣದ ಸದ್ದು ಜೋರಿತ್ತು.

ಎರಡನೆಯದನ್ನು ಕಟ್ಟಲು ದಸರೆ ರಜೆಯೆಲ್ಲ ಹೋಯಿತು.
ಹೆಬ್ಬೆರಳು ಮೂರು ಸಲ ನೋಡಿದೆ. ಹಾರಿತು.
ಜೋಗಿಮಟ್ಟಿ ಕಡೆಯಿಂದ ಗಾಳಿ, ಸಂಜೆ;
ಇಳಿಸುವಾಗ ಕೈ ನಡುಗಿತು.
ಹಿಂದಿನ ಹಲಗೆ ಇಳಿಬಿಟ್ಟೆ, ರೆಕ್ಕೆ ಗೂನಾಯಿತು,
ಮೆತ್ತಗೆ ಹೋದರೂ ಭಾರ ಹೊತ್ತುಕೊಂಡಿತು.
"ಇಳಿಸಬ್ಯಾಡ," ಕಿವಿಯ ಹತ್ತಿರ ಮಾವ,
"ಮೊಳದೆತ್ತರದಾಗೆ ಹಾರಿಸ್ತಾನೇ ಇರು. ಇನ್ನೊಂಚೂರು ಜಗ್ಗು.
ಅದಕ್ಕೇ ಸಾಕಾಗ್ಲಿ."
ಇನ್ನೊಂಚೂರು, ಇನ್ನೊಂಚೂರು,
ಎಷ್ಟು ಹೊತ್ತಿಗೆ ಸಾಕಾಯಿತೋ,
ಬಿರುಕುಬಿಟ್ಟ ಮಣ್ಣಿನ ಮೇಲೆ ಗಾಲಿ ಗುರುಗುಟ್ಟಿದಾಗ ತಿಳಿಯಿತು.

ದೊಡ್ಡ ವಿಮಾನ ಅಷ್ಟಕ್ಕೆ ಮುಗಿಸುವುದಿಲ್ಲವಂತೆ.
ನೆಲ ಮುಟ್ಟಿದರೂ ರೆಕ್ಕೆಗೆ ಇನ್ನೂ ಎತ್ತುವ ಆಸೆ.
ಬೆನ್ನ ಮೇಲಿನ ಹಲಗೆಗಳು ಧಡಕ್ಕನೆ ಎದ್ದು
ಆ ಆಸೆ ಮುರಿಯಬೇಕು;
ಆಮೇಲೆ ತೂಕವೆಲ್ಲ ಗಾಲಿಗೆ,
ತೂಕ ಬಂದ ಮೇಲೇ ಬ್ರೇಕಿಗೆ ಹಿಡಿತ.
ಅದನ್ನು ಹೇಳಿ ಸುಮ್ಮನಾದ.
ಗೊಂಚಲಿನಿಂದ ಪಿನ್ನು ಬಿಡಿಸಿ
ನನ್ನ ವಿಮಾನದ ರೆಕ್ಕೆಯಂಚಿಗೆ ಸಿಕ್ಕಿಸಿದ.
"ತೆಗೆದು ಹಾರಿಸು," ಅಂದ, "ತೆಗೆದು."

ಲೂನಾದ ಹಿಂದೆ ಕೂತು ಮಡಿಲಲ್ಲಿಟ್ಟುಕೊಂಡೆ.
ಪಾವಗಡ ರಸ್ತೆಯುದ್ದಕ್ಕೂ ಅಡ್ಡಗಾಳಿ.
ಕೆಂಪು ಪಟ್ಟಿ ಪಟಪಟ ಬಡಿಯಿತು.
ಪಿನ್ನು ಹಾಕದ ರಡ್ಡರ್ ಮಾತ್ರ
ನನ್ನ ಗದ್ದಕ್ಕೆ ತಾಗುತ್ತಾ, ಬಿಡುತ್ತಾ,
ಎತ್ತಲೋ ತಿರುಗಿಸಲು ನೋಡುತ್ತಿತ್ತು.